ಹಾಲ್ ಟಿಕೆಟ್‌ನ ಮೂರನೇ ಸಾಲು

ಹಾಲ್ ಟಿಕೆಟ್ ಕೈಗೆ ಬಂದಾಗ ಎಲ್ಲ ಹುಡುಗಿಯರಂತೆ ಮೇಘಶ್ರೀಯೂ ಮೊದಲು ನೋಡಿದ್ದು ತನ್ನ ಫೋಟೊವನ್ನು. ಎರಡು ಕಿವಿಯೂ ಕಾಣಬೇಕೆಂದು ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ ತೆಗೆಸಿದ್ದ ಫೋಟೊ. ಪಕ್ಕದಲ್ಲಿ ಕುಳಿತಿದ್ದ ಬಿಂದು ಅದನ್ನು ನೋಡಿ ಕಿಸಕ್ಕನೆ ನಕ್ಕಳು.

"ಪೊಲೀಸ್ ಸ್ಟೇಷನ್ ಗೋಡೆ ಮ್ಯಾಲೆ ಅಂಟಿಸಿರ್ತಾರಲ್ಲ, ಹಂಗೈತೆ ಕಣೆ."

ಮೇಘಶ್ರೀಯೂ ನಕ್ಕಳು. ನಗುತ್ತಲೇ ತನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಸರಿಯಿವೆಯೇ ಎಂದು ಬೆರಳಿಟ್ಟು ನೋಡುತ್ತ ಬಂದಳು. ಕೆಳಗೆ ವಿಷಯಗಳ ಪಟ್ಟಿ ಇತ್ತು. ಪ್ರಥಮ ಭಾಷೆ, ಕನ್ನಡ. ದ್ವಿತೀಯ ಭಾಷೆ, ಇಂಗ್ಲಿಷ್. ಮೂರನೇ ಸಾಲಿಗೆ ಬಂದ ಬೆರಳು ಅಲ್ಲೇ ನಿಂತಿತು.

ತೃತೀಯ ಭಾಷೆ, ಹಿಂದಿ.

ಅವಳು ಬಿಂದುವಿನ ಹಾಲ್ ಟಿಕೆಟ್ಟಿನ ಕಡೆ ಓರೆಗಣ್ಣು ಹಾಯಿಸಿದಳು. ಅದೇ ಸಾಲಿನಲ್ಲಿ ಅವಳದಕ್ಕೆ 'ಆಟೊಮೊಬೈಲ್' ಎಂದಿತ್ತು. ಮತ್ತೊಮ್ಮೆ ತನ್ನದನ್ನು ನೋಡಿದಳು. ಅಕ್ಷರ ಬದಲಾಗಿರಲಿಲ್ಲ. ಕಾಗದವನ್ನು ಎರಡು ಮಡಿಕೆ ಮಾಡಿ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಬಿಟ್ಟಳು.

ಐಮಂಗಲದ ಆಚೆ ಹೆದ್ದಾರಿ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗಿದ್ದ ಆ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ಇದ್ದವರು ಮೂವತ್ತಾರೇ ಮಕ್ಕಳು. ಒಂಬತ್ತನೇ ತರಗತಿಗೆ ಬಂದಾಗ ಹಿಂದಿ ಬೇಡವೆನ್ನುವವರು ಅದರ ಬದಲಿಗೆ ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದಿತ್ತು. ಆ ಶಾಲೆಗೆ ಬಂದಿದ್ದ ವೃತ್ತಿ ವಿಷಯ ಆಟೊಮೊಬೈಲ್ ಒಂದೇ. ಸೈಕಲ್ ನಿಲ್ಲಿಸುವ ಕೋಣೆಯನ್ನು ಖಾಲಿ ಮಾಡಿ, ಅರ್ಧ ಸೀಳಿದ ಒಂದು ಎಂಜಿನ್, ಒಂದು ಹಳೆಯ ಸ್ಕೂಟರ್, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳನ್ನು ಇಟ್ಟು ಅದನ್ನೇ ವರ್ಕ್‌ಶಾಪ್ ಮಾಡಿದ್ದರು. ಕಲಿಸಲು ರಾಜಶೇಖರ್ ಎಂಬ ಗುತ್ತಿಗೆ ಮೇಷ್ಟ್ರು ಹಿರಿಯೂರಿನಿಂದ ಬರುತ್ತಿದ್ದರು. ಸೇರಿದ ಒಂಬತ್ತು ಮಂದಿಯಲ್ಲಿ ಹುಡುಗಿಯರು ಇಬ್ಬರೇ, ಬಿಂದು ಮತ್ತು ಮೇಘಶ್ರೀ.

ಬಿಂದು ಸೇರಿದ್ದು ಗೆಳತಿಯ ಜೊತೆಗಿರಬೇಕೆಂದು. ಮೇಘಶ್ರೀ ಸೇರಿದ್ದಕ್ಕೆ ಬೇರೆ ಕಾರಣವಿತ್ತು. ಅವಳ ಅಪ್ಪ ಜಂಬಣ್ಣ ಲಾರಿ ಡ್ರೈವರ್. ಎಂಟು ದಿನಕ್ಕೋ ಹತ್ತು ದಿನಕ್ಕೋ ಮನೆಗೆ ಬಂದಾಗ ಬಾನೆಟ್ ಎತ್ತಿ ಏನಾದರೊಂದು ಬಿಚ್ಚುತ್ತಿದ್ದ. ಟಾರ್ಚ್ ಹಿಡಿದು ನಿಲ್ಲುವ ಕೆಲಸ ಚಿಕ್ಕಂದಿನಿಂದಲೂ ಇವಳದು. ಇನ್ನೊಂದು ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹಿಂದಿ ಎಂದರೆ ಹೆದರಿಕೆ. ಅವಳ ಅಮ್ಮ ಚಂದ್ರಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲದರಲ್ಲೂ ಪಾಸಾಗಿ, ಹಿಂದಿಯೊಂದರಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದು ಫೇಲಾಗಿದ್ದಳು. ಮತ್ತೆ ಕಟ್ಟುತ್ತೇನೆಂದರೆ ಮನೆಯಲ್ಲಿ ಬಿಡಲಿಲ್ಲ, ಮದುವೆ ಮಾಡಿದರು. ಈಗ ಹಿರಿಯೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಆ ನಾಲ್ಕು ಅಂಕದ ಮಾತು ಮನೆಯಲ್ಲಿ ಬಂದಾಗಲೆಲ್ಲ ಅಮ್ಮನ ದನಿ ಸಣ್ಣಗಾಗುವುದನ್ನು ಕೇಳುತ್ತಲೇ ಮೇಘಶ್ರೀ ಬೆಳೆದಿದ್ದಳು.

"ಎಲ್ಲಾರೂ ಸರಿಯಾಗಿ ನೋಡ್ಕಂಡ್ರಾ?" ಎಂದರು ಲಕ್ಷ್ಮೀಕಾಂತ್ ಮೇಷ್ಟ್ರು. ಗಣಿತ ಹೇಳುವುದರ ಜೊತೆಗೆ ಶಾಲೆಯ ಕಂಪ್ಯೂಟರ್ ಕೆಲಸವೆಲ್ಲ ಅವರದೇ. ಮಕ್ಕಳ ವಿವರವನ್ನು ಪರೀಕ್ಷಾ ಮಂಡಳಿಗೆ ಕಳಿಸಿದವರೂ ಅವರೇ. "ಏನಾರ ತಪ್ಪಿದ್ರೆ ಗುರುವಾರ ಸಂಜೆ ಒಳಗೆ ಹೇಳ್ರಿ. ಆಮೇಲೆ ಬಂದು ನನ್ನ ತಲೆ ತಿನ್ನಬೇಡ್ರಿ. ಜನವರೀಲಿ ಎಲ್ಲಾರೂ ಓದಿ ಸಹಿ ಹಾಕೀರಿ, ನೆನಪೈತಲ್ಲ?"

ಮೇಘಶ್ರೀಗೆ ಚೆನ್ನಾಗಿ ನೆನಪಿತ್ತು. ಜನವರಿಯ ಒಂದು ಸಂಜೆ, ಊರಿಗೆ ಹೋಗುವ ಕೊನೆಯ ಬಸ್ಸು ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾಗ, ಲಕ್ಷ್ಮೀಕಾಂತ್ ಮೇಷ್ಟ್ರು ಮುಂದಿಟ್ಟ ಹಾಳೆಯಲ್ಲಿ ತನ್ನ ಹೆಸರಷ್ಟನ್ನೇ ಹುಡುಕಿ, ಅದರ ಎದುರು ಸಹಿ ಗೀಚಿ ಓಡಿದ್ದಳು. ಮರುದಿನ ಪ್ರಾರ್ಥನೆಯಲ್ಲಿ ಹೆಡ್ ಮೇಷ್ಟ್ರು ಗಂಗಾಧರಪ್ಪ ಹೇಳಿದ್ದರು. "ಸಹಿ ಬಿದ್ದ ಮೇಲೆ ತಪ್ಪು ನಿಮ್ಮದು. ನಮ್ಮನ್ನ ಕೇಳಂಗಿಲ್ಲ."

ಕೈ ಎತ್ತಬೇಕು ಎಂದುಕೊಂಡಳು. ಬಲಗೈ ಡೆಸ್ಕಿನ ಮೇಲಿತ್ತು, ಏಳಲಿಲ್ಲ. ಮೇಷ್ಟ್ರು ರಿಜಿಸ್ಟರ್ ಮುಚ್ಚಿ ಹೊರಟುಹೋದರು.

ಅಂದು ಸಂಜೆ ಚಂದ್ರಕ್ಕ ಕೆಲಸದಿಂದ ಬಂದವಳು ಮುಖ ತೊಳೆಯುತ್ತಲೇ ಕೇಳಿದಳು. "ಹಾಲ್ ಟಿಕೆಟ್ ಕೊಟ್ರೇನವ್ವ? ತಗಂಬಾ, ನೋಡಾಣ."

"ಸ್ಕೂಲಾಗೇ ಇಟ್ಕಂಡವ್ರೆ. ಕಳೀತೀರ ಅಂತ."

ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಬೆವರಿತು. ಅಮ್ಮ ನಂಬಿದಳು. ಚಪಾತಿ ಹಿಟ್ಟು ನಾದುತ್ತ, "ಹೋಗ್ಲಿ ಬಿಡು, ಅದೂ ಒಳ್ಳೇದೇ" ಎಂದಳು.

ಹಿಂದಿ ಪರೀಕ್ಷೆಯೂ ಆಟೊಮೊಬೈಲ್‌ನ ಬರಹದ ಪರೀಕ್ಷೆಯೂ ಒಂದೇ ದಿನ, ಎಲ್ಲಕ್ಕಿಂತ ಕೊನೆಗೆ ಇದ್ದವು. ಮೇಘಶ್ರೀ ಕ್ಯಾಲೆಂಡರ್ ನೋಡಿ ದಿನ ಎಣಿಸಿದಳು, ಇಪ್ಪತ್ತೊಂಬತ್ತು. ಎಂಟನೇ ತರಗತಿಯವರೆಗೂ ಹಿಂದಿ ಇದ್ದುದರಿಂದ ಅಕ್ಷರ ಮರೆತಿರಲಿಲ್ಲ. ಕೂಡಿಸಿ ಓದಬಲ್ಲಳು, ಓದಿದ್ದೇನೆಂದು ತಿಳಿಯುತ್ತಿರಲಿಲ್ಲ, ಅಷ್ಟೆ. ಇಪ್ಪತ್ತೊಂಬತ್ತು ದಿನದಲ್ಲಿ ಪಾಸಾಗುವಷ್ಟು ಕಲಿತರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಲೆಕ್ಕ ಹಾಕಿದಳು. ಮರುದಿನ ತರಗತಿಯಲ್ಲಿ ಹಿಂದಿ ತೆಗೆದುಕೊಂಡಿದ್ದ ಹುಡುಗಿಯೊಬ್ಬಳಿಂದ, "ನಮ್ಮ ಚಿಕ್ಕಮ್ಮನ ಮಗಳಿಗೆ ಬೇಕಂತೆ" ಎಂದು ಹೇಳಿ ಹಳೆಯ ಗೈಡೊಂದನ್ನು ತಂದುಕೊಂಡಳು.

ಮಂಗಳವಾರ ಇಡೀ ಸಂಜೆ ಒಂದು ಪದ್ಯದ ಎಂಟು ಸಾಲು ಬಾಯಿಪಾಠ ಮಾಡಿದಳು. ಬುಧವಾರ ಎದ್ದಾಗ ಅದರಲ್ಲಿ ಎರಡು ಸಾಲು ಉಳಿದಿದ್ದವು. ಗಣಿತದ ಪುಸ್ತಕ ತೆರೆದರೆ ಹಿಂದಿ ಕಾಯುತ್ತಿದೆ ಎನ್ನಿಸುತ್ತಿತ್ತು. ಹಿಂದಿ ತೆರೆದರೆ ಗಣಿತ. ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಶಾಲೆಯಲ್ಲಿ ಲಕ್ಷ್ಮೀಕಾಂತ್ ಮೇಷ್ಟ್ರ ಚಪ್ಪಲಿ ಸದ್ದು ಕಾರಿಡಾರಿನಲ್ಲಿ ಕೇಳಿದರೆ ಸಾಕು, ಅವಳಿಗೆ ಮೂತ್ರಕ್ಕೆ ಹೋಗಬೇಕೆನ್ನಿಸುತ್ತಿತ್ತು.

ಗುರುವಾರ ಮೂರೂವರೆಗೆ ಸ್ಟಾಫ್ ರೂಮಿನ ಬಾಗಿಲವರೆಗೆ ಹೋದಳು. ಒಳಗೆ ಲಕ್ಷ್ಮೀಕಾಂತ್ ಮೇಷ್ಟ್ರು ಯಾವುದೋ ಹುಡುಗನ ಅಪ್ಪನನ್ನು ಬಯ್ಯುತ್ತಿದ್ದರು. "ಸಹಿ ಹಾಕುವಾಗ ಕಣ್ಣು ಎಲ್ಲಿಟ್ಟಿದ್ದ ನಿಮ್ಮ ಮಗ? ಇನಿಶಿಯಲ್ ತಪ್ಪಾಗೈತೆ ಅಂತ ಈಗ ಬಂದೀರಲ್ಲ." ಆ ಮನುಷ್ಯ ಟವೆಲ್ಲನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಬರೇ ಒಂದು ಇನಿಶಿಯಲ್‌ಗೆ ಹೀಗಾದರೆ ಇಡೀ ವಿಷಯಕ್ಕೆ ಏನಾದೀತು? ಮೇಘಶ್ರೀ ಸದ್ದಾಗದಂತೆ ಹಿಂದಕ್ಕೆ ಬಂದಳು. ಗೇಟು ದಾಟಿದ ಮೇಲೆ ಓಡಿದಳು.

ಗುರುವಾರದ ಗಡುವು ಮುಗಿಯಿತು. ಶನಿವಾರ ಬಂತು.

ಅಂದು ಆಟೊಮೊಬೈಲ್‌ನ ಪ್ರಾಯೋಗಿಕ ಪರೀಕ್ಷೆ ಎನ್ನುವುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಆ ಪರೀಕ್ಷೆಗೂ ಬೇರೊಂದು ಪಟ್ಟಿ ಇರುತ್ತದೆ, ಅದರಲ್ಲಿ ತನ್ನ ಹೆಸರು ಇರುವುದಿಲ್ಲ ಎಂದು ಹೊಳೆದದ್ದು ಹೊಸದುರ್ಗದಿಂದ ಬಂದ ಪರೀಕ್ಷಕರು ಬ್ಯಾಗಿನಿಂದ ಕಾಗದ ತೆಗೆದು ಕನ್ನಡಕ ಹಾಕಿಕೊಂಡಾಗ. ಅವರು ಒಂದೊಂದೇ ಹೆಸರು ಕರೆದರು. ಕರೆದವರು ಮುಂದೆ ಹೋಗಿ ನಿಂತರು. ಎಂಟನೆಯವಳು ಬಿಂದು. ಅಲ್ಲಿಗೆ ಪಟ್ಟಿ ಮುಗಿಯಿತು. ಗೋಡೆಗೆ ಒರಗಿ ಮೇಘಶ್ರೀ ಒಬ್ಬಳೇ ಉಳಿದಳು.

"ಇನ್ನೊಬ್ಬಳು ಇದ್ದಾಳಲ್ಲ ಸಾರ್, ಮೇಘಶ್ರೀ," ಎಂದರು ರಾಜಶೇಖರ್ ಮೇಷ್ಟ್ರು. "ನಮ್ಮ ಕ್ಲಾಸಿಗೆಲ್ಲ ಅವಳೇ ಚಲೋ ಇರೋದು."

"ಇದ್ರಾಗಿಲ್ಲವಲ್ಲ." ಪರೀಕ್ಷಕರು ಪಟ್ಟಿ ತಿರುಗಿಸಿ ಹಿಂಬದಿ ನೋಡಿದರು. "ಹಾಲ್ ಟಿಕೆಟ್ ತೋರಿಸಮ್ಮ."

ಅವಳು ಪುಸ್ತಕದೊಳಗಿಂದ ಅದನ್ನು ತೆಗೆದು, ಮಡಿಕೆ ಬಿಡಿಸದೆ ಕೊಟ್ಟಳು. ಇಬ್ಬರೂ ಮೇಷ್ಟ್ರು ಬಗ್ಗಿ ಓದಿದರು.

ಪರೀಕ್ಷಕರು ಕನ್ನಡಕ ತೆಗೆದರು. "ಹೆಸರಿಲ್ಲದೋರಿಗೆ ನಾನು ಅಂಕ ಹಾಕಂಗಿಲ್ಲ. ಒಂದು ಕೆಲಸ ಮಾಡಾಣ. ಹುಡುಗಿ ಪರೀಕ್ಷೆ ಕೊಡ್ಲಿ. ಅಂಕನ ಬೇರೆ ಹಾಳೆ ಮ್ಯಾಲೆ ಬರೆದು ಹೆಡ್ ಮೇಷ್ಟ್ರ ಕೈಗೆ ಕೊಟ್ಟು ಹೋಗ್ತೀನಿ. ತಿದ್ದುಪಡಿ ಬಂದ್ರೆ ಕಳಿಸ್ರಿ. ಬರಲಿಲ್ಲ ಅಂದ್ರೆ ಹರಿದು ಹಾಕ್ರಿ."

ಸ್ಪಾರ್ಕ್ ಪ್ಲಗ್ ಬಿಚ್ಚಿ, ಒರೆಸಿ, ಅದರ ತುದಿಯ ಸಂದನ್ನು ಅಳೆದು ಮತ್ತೆ ಕೂರಿಸಬೇಕಿತ್ತು. ಕಣ್ಣು ಮುಚ್ಚಿ ಮಾಡಬಲ್ಲ ಕೆಲಸ. ಪ್ಲಗ್ ಎರಡು ಸಲ ಕೈಜಾರಿ ನೆಲಕ್ಕೆ ಬಿತ್ತು. ಮೂರನೇ ಸಲ ಹಿಡಿದಳು. ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಲಕ್ಷ್ಮೀಕಾಂತ್ ಮೇಷ್ಟ್ರು ನಿಂತಿದ್ದರು. ಯಾರೋ ಹೋಗಿ ಹೇಳಿದ್ದರು.

ಅವರು ಅವಳನ್ನು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದರು. ಬಯ್ಯಲಿಲ್ಲ. ಅದೇ ಅವಳಿಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಕಂಪ್ಯೂಟರಿನಲ್ಲಿ ಪಟ್ಟಿ ತೆರೆದು ಒಂದೊಂದೇ ಸಾಲು ಇಳಿದರು. ಅವಳ ಹೆಸರಿನ ಮೇಲಿನ ಸಾಲಿನ ಹುಡುಗನದು ಹಿಂದಿ. ಒಂದೊಂದೇ ಟೈಪ್ ಮಾಡುವ ಬದಲು ವಿಷಯವನ್ನು ಮೌಸ್‌ನಿಂದ ಕೆಳಕ್ಕೆ ಎಳೆದು ತುಂಬುವಾಗ ಒಂದು ಸಾಲು ಹೆಚ್ಚಿಗೆ ಎಳೆದಿದ್ದರು. ಅಷ್ಟೇ ಆದದ್ದು.

"ಇದು ನಿನಗೆ ಯಾವಾಗ ಗೊತ್ತಾಯ್ತು?"

"ಸೋಮವಾರ ಸಾರ್."

"ಸೋಮವಾರ." ಅವರು ಆ ಮಾತನ್ನು ತಮಗೇ ಹೇಳಿಕೊಂಡರು. "ಗುರುವಾರದ ತನಕ ನಾನೇ ಇಲ್ಲಿ ಕುಂತು ಎರಡು ನಿಮಿಷದಾಗೆ ತಿದ್ದಬಹುದಿತ್ತು. ಯಾಕೆ ಹೇಳ್ಲಿಲ್ಲ?"

"ಹೆದ್ರಿಕೆ ಆಯ್ತು ಸಾರ್."

"ಯಾರ ಹೆದ್ರಿಕೆ?"

ಅವಳು ತಲೆ ಎತ್ತಿ ಅವರ ಮುಖ ನೋಡಿದಳು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು, ಕುತ್ತಿಗೆಯ ಹತ್ತಿರ ಅಂಗಿ ಒದ್ದೆಯಾಗಿತ್ತು. ಆಗ ಮೇಘಶ್ರೀಗೆ ತಿಳಿಯಿತು, ಮೇಷ್ಟ್ರಿಗೂ ಹೆದರಿಕೆಯಾಗಿದೆ. ಅವರು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ, ಇನ್ನೂ ಖಾಯಂ ಆಗಿರಲಿಲ್ಲ. ದೊಡ್ಡವರ ಹೆದರಿಕೆಯನ್ನು ಅಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ.

ಅವರು ಬಿಳಿ ಹಾಳೆಯೊಂದರ ಮೇಲೆ ಬೇಗ ಬೇಗ ಏನೋ ಬರೆದು ಅವಳ ಮುಂದೆ ತಳ್ಳಿದರು. "ಸಹಿ ಮಾಡು. ಹಿಂದಿ ಪಾಸಾಗೋಷ್ಟು ನಾನು ಹೇಳಿಸ್ಕೊಡ್ತೀನಿ. ಹಿಂದಿ ಮಿಸ್‌ಗೆ ಹೇಳ್ತೀನಿ. ನಿನಗೇನೂ ತೊಂದ್ರೆ ಆಗಲ್ಲ. ಮನೇಲಿ ಹೇಳೋದು ಬೇಡ, ಸುಮ್ನೆ ಗಾಬರಿ ಆಗ್ತಾರೆ."

ಅವಳು ಓದಿದಳು. 'ನಾನು ಸ್ವಇಚ್ಛೆಯಿಂದ ಆಟೊಮೊಬೈಲ್ ವಿಷಯವನ್ನು ಬಿಟ್ಟು ತೃತೀಯ ಭಾಷೆಯಾಗಿ ಹಿಂದಿಯನ್ನು ಆರಿಸಿಕೊಂಡಿರುತ್ತೇನೆ.' ಕೆಳಗೆ ಜನವರಿಯ ಒಂದು ತಾರೀಖು.

ಪೆನ್ನು ಕೈಗೆ ಬಂದಿತ್ತು. ಸಹಿ ಹಾಕಿದರೆ ಈ ಕೋಣೆಯಿಂದ ಹೊರಗೆ ಹೋಗಬಹುದು. ಅದೊಂದೇ ಆಸೆ ಅವಳಿಗೆ ಆಗ. ಪೆನ್ನಿನ ತುದಿ ಹಾಳೆಗೆ ಮುಟ್ಟಿತ್ತು, ಚುಕ್ಕೆಯೂ ಬಿದ್ದಿತ್ತು.

"ಅಮ್ಮಂಗೆ ತೋರಿಸಿ ಹಾಕ್ತೀನಿ ಸಾರ್," ಎಂದಳು. ದನಿ ಹೊರಟಿತೋ ಇಲ್ಲವೋ ಎಂಬಂತಿತ್ತು.

"ಬೇಡ ಅಂದ್ನಲ್ಲ."

"ತೋರಿಸಿ ಹಾಕ್ತೀನಿ ಸಾರ್."

ಹಾಳೆಯನ್ನು ಅವರು ಕಿತ್ತುಕೊಳ್ಳುತ್ತಾರೆಂದು ಅವಳು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡಳು. ಅವರು ಕಿತ್ತುಕೊಳ್ಳಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡು ಅಂಗೈಯಿಂದ ಮುಖ ಮುಚ್ಚಿಕೊಂಡರು. ಅವಳು ಓಡಿದಳು.

ಅವತ್ತು ಅವಳು ನೇರವಾಗಿ ಮನೆಗೆ ಹೋಗಲಿಲ್ಲ. ಹೆದ್ದಾರಿಯ ಪಕ್ಕ ಗಾರ್ಮೆಂಟ್ಸ್ ಬಸ್ಸು ನಿಲ್ಲುವ ಕಡೆ, ಕಿಲೋಮೀಟರ್ ಕಲ್ಲಿನ ಹತ್ತಿರ ಕುಳಿತು ಕಾದಳು. ಲಾರಿಗಳು ಒಂದರ ಹಿಂದೊಂದು ಹಾಯುತ್ತಿದ್ದವು. ಪ್ರತಿ ಲಾರಿಯ ಗಾಳಿಗೂ ಕೈಯೊಳಗಿನ ಕಾಗದ ಹಾರಲು ನೋಡುತ್ತಿತ್ತು. ಆರೂವರೆಗೆ ಬಸ್ಸು ನಿಂತಿತು. ಊಟದ ಬ್ಯಾಗು ಹಿಡಿದು ಇಳಿದ ಚಂದ್ರಕ್ಕ ಮಗಳನ್ನು ಅಲ್ಲಿ ಕಂಡು ಗಾಬರಿಯಾದಳು.

"ಯಾಕೆ? ಯಾರಿಗೇನಾಯ್ತು? ನಿಮ್ಮಪ್ಪ…"

"ಅಪ್ಪ ಚೆನ್ನಾಗವ್ನೆ," ಎಂದು ಮೇಘಶ್ರೀ ಅಳತೊಡಗಿದಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಸಹಿ, ಸೋಮವಾರ, ಸುಳ್ಳು, ಗೈಡು, ಪಟ್ಟಿಯಲ್ಲಿ ಇಲ್ಲದ ಹೆಸರು. ಕೊನೆಗೆ ಆ ಎರಡು ಕಾಗದಗಳನ್ನೂ ಕೊಟ್ಟಳು.

ಚಂದ್ರಕ್ಕ ರಸ್ತೆಯ ಅಂಚಿನಲ್ಲೇ ಕುಕ್ಕರಿಸಿ ಕುಳಿತಳು. ಹಾಲ್ ಟಿಕೆಟ್ಟಿನ ಮೂರನೇ ಸಾಲನ್ನು ಬಹಳ ಹೊತ್ತು ನೋಡಿದಳು. ಹೊಡೆಯುತ್ತಾಳೆ ಎಂದು ಮೇಘಶ್ರೀ ಕಾದಳು. ಹೊಡೆದಿದ್ದರೆ ಒಳ್ಳೆಯದಿತ್ತು.

"ಐದು ದಿನ ಒಬ್ಳೇ ಇಟ್ಕಂಡಿದ್ಯಾ ಇದನ್ನ?" ಎಂದಳು ಚಂದ್ರಕ್ಕ.

ಮೇಘಶ್ರೀ ತಲೆಯಾಡಿಸಿದಳು.

"ನಾನು ಒಂದು ತಿಂಗಳು ಇಟ್ಕಂಡಿದ್ದೆ. ಫೇಲಾಗಿರೋದನ್ನ. ನಮ್ಮಪ್ಪಂಗೆ ಬೇರೆಯೋರು ಹೇಳಿದ್ರು." ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ನನಗೂ ಹೆದ್ರಿಕೆ ಆಗ್ತೈತೆ ಕಣೆ ಆ ಆಫೀಸುಗಳಂದ್ರೆ. ಆದ್ರೂ ಹೋಗಾಣ. ನಾಳೆನೇ ಹೋಗಾಣ."

ಮರುದಿನ ಭಾನುವಾರ. ತಾಯಿ ಮಗಳು ಹಿರಿಯೂರಿನಲ್ಲಿ ಹೆಡ್ ಮೇಷ್ಟ್ರ ಮನೆ ವಿಚಾರಿಸಿಕೊಂಡು ಹೋದರು. ಗಂಗಾಧರಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. "ಬರ್ರಿ, ಕುಂತ್ಕಳ್ರಿ" ಎಂದವರು ಹಾಲ್ ಟಿಕೆಟ್ ನೋಡಿ ಪೇಪರ್ ಮಡಚಿಟ್ಟರು. ಎರಡನೇ ಹಾಳೆ ಓದಿದಾಗ ಅವರ ತುಟಿ ಬಿಗಿಯಾಯಿತು.

"ಸಹಿ ಹಾಕಿಲ್ಲ ತಾನೆ?"

"ಇಲ್ಲ ಸಾರ್."

"ಜನವರೀಲಿ ಸಹಿ ಹಾಕಿದ್ದು ಅವಳದೇ ತಪ್ಪು ಅಂತೀರೇನೋ," ಎಂದಳು ಚಂದ್ರಕ್ಕ. ಅವಳ ದನಿ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ಹದಿನೈದು ವರ್ಷದ ಹುಡುಗಿ ಸಾರ್ ಇದು. ಬಸ್ಸು ಹೊರಟಿತ್ತಂತೆ. ನೀವು ದೊಡ್ಡೋರು ನೋಡ್ಲಿಲ್ಲ, ಅದು ಹೆಂಗೆ ನೋಡೀತು?"

ಗಂಗಾಧರಪ್ಪ ಹಾಳೆ ಕೆಳಗಿಟ್ಟು, "ಪ್ರಾರ್ಥನೇಲಿ ಹಂಗೆ ಹೇಳಿದ್ದು ನಾನೇ," ಎಂದರು. "ಮಕ್ಕಳು ಸರಿಯಾಗಿ ಓದ್ಲಿ ಅಂತ ಹೇಳಿದ್ದು. ಬಾಯಿ ಮುಚ್ಚಿಸೋಕಲ್ಲ." ಒಳಗೆ ಹೋಗಿ ಲೆಟರ್ ಪ್ಯಾಡ್ ತಂದರು. ಶಾಲೆಯ ಕಡೆಯಿಂದ ವಿವರ ತುಂಬುವಾಗ ತಪ್ಪಾಗಿದೆ, ವಿದ್ಯಾರ್ಥಿನಿಯದು ಏನೂ ತಪ್ಪಿಲ್ಲ ಎಂದು ಬರೆದು ಓದಿ ಹೇಳಿದರು. ಎರಡು ವರ್ಷದ ಹಾಜರಿ ಪುಸ್ತಕದ ನಕಲನ್ನೂ, ಪರೀಕ್ಷಕರು ಕೊಟ್ಟುಹೋದ ಅಂಕದ ಹಾಳೆಯನ್ನೂ ಲಗತ್ತಿಸುತ್ತೇನೆ ಎಂದರು. "ಆದ್ರೆ ಒಂದು ತಿಳ್ಕಳ್ರಿ. ಗಡುವು ಮುಗಿದೈತೆ. ತಿದ್ದೇ ತಿದ್ದುತ್ತಾರೆ ಅಂತ ನಾನು ಹೇಳಲಾರೆ."

ಸೋಮವಾರ ಲಕ್ಷ್ಮೀಕಾಂತ್ ಮೇಷ್ಟ್ರೇ ಆ ಪತ್ರ ಹಿಡಿದು ಚಿತ್ರದುರ್ಗದ ಶಿಕ್ಷಣ ಇಲಾಖೆಯ ಕಚೇರಿಗೆ ಬರಬೇಕಾಯಿತು. ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ತಾಯಿ ಮಗಳು ಹಿಂದೆ. ಕಚೇರಿಯ ಗುಮಾಸ್ತ ಪತ್ರವನ್ನು ಎರಡು ಸಲ ಓದಿ, ಇಲ್ಲಿಂದ ಬೆಂಗಳೂರಿನ ಪರೀಕ್ಷಾ ಮಂಡಳಿಗೆ ಕಳಿಸುತ್ತೇವೆ, ಅಲ್ಲಿಂದ ಬರಬೇಕು, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದ. "ಬರಲಿಲ್ಲ ಅಂದ್ರೆ?" ಎಂದಳು ಚಂದ್ರಕ್ಕ. "ಬರಲಿಲ್ಲ ಅಂದ್ರೆ ಹಾಲ್ ಟಿಕೆಟ್ನಾಗೆ ಇರೋದನ್ನೇ ಬರೀಬೇಕು."

ಹೊರಗೆ ಬಂದ ಮೇಲೆ ಲಕ್ಷ್ಮೀಕಾಂತ್ ಮೇಷ್ಟ್ರು ಟೀ ಅಂಗಡಿಯ ಮುಂದೆ ನಿಂತರು. ಚಂದ್ರಕ್ಕನ ಮುಖ ನೋಡದೆ ಹೇಳಿದರು. "ಆ ಹಾಳೆ ಬರೆದಿದ್ದು ತಪ್ಪಾಯ್ತಕ್ಕ. ನನಗೆ ತಲೆ ಓಡ್ಲಿಲ್ಲ."

"ನಿಮಗೆ ಓಡ್ಲಿಲ್ಲ ಅಂದ್ರೆ ನನ್ನ ಮಗಳಿಗೆ ಹೆಂಗೆ ಓಡೀತು ಸಾರ್?" ಎಂದಳು ಚಂದ್ರಕ್ಕ. ಟೀ ಕುಡಿಯಲಿಲ್ಲ.

ಪರೀಕ್ಷೆಗಳು ಶುರುವಾದವು. ಬೆಂಗಳೂರಿನಿಂದ ಏನೂ ಬರಲಿಲ್ಲ. ಬೆಳಿಗ್ಗೆ ಎಂಜಿನ್, ಬ್ರೇಕು, ಕ್ಲಚ್ಚು ಓದುವುದು, ಸಂಜೆ ಹಿಂದಿ ಮಿಸ್ ಕೊಟ್ಟ ಪ್ರಶ್ನೋತ್ತರ ಓದುವುದು, ನಡುವೆ ಮರುದಿನದ ಪರೀಕ್ಷೆಯ ವಿಷಯ. ಮೇಘಶ್ರೀಯ ಕಣ್ಣ ಕೆಳಗೆ ಕಪ್ಪಾಯಿತು. ಕನ್ನಡ ಚೆನ್ನಾಗಿ ಬರೆದಳು. ಗಣಿತದ ದಿನ ಗೊತ್ತಿದ್ದ ಪ್ರಮೇಯವೊಂದು ಅರ್ಧಕ್ಕೇ ಮರೆತುಹೋಯಿತು. ಪ್ರತಿ ಪರೀಕ್ಷೆ ಮುಗಿದ ಮೇಲೂ ಮಕ್ಕಳು ಒಂದು ಭಾರ ಇಳಿಯಿತು ಎನ್ನುತ್ತಿದ್ದರು. ಅವಳಿಗೆ ಮಾತ್ರ ಕೊನೆಯ ದಿನ ಒಂದು ಹೆಜ್ಜೆ ಹತ್ತಿರ ಬಂದಂತಾಗುತ್ತಿತ್ತು. ಫೋನು ಬಡಿದುಕೊಂಡಾಗಲೆಲ್ಲ ಅಮ್ಮ ಮಗಳು ಇಬ್ಬರೂ ಬೆಚ್ಚುತ್ತಿದ್ದರು. ಪುಣೆಯ ಹಾದಿಯಿಂದ ಜಂಬಣ್ಣ ದಿನವೂ ಕೇಳುತ್ತಿದ್ದ. "ಬಂತೇನವ್ವ?"

"ಇಲ್ಲಪ್ಪ."

ಕೊನೆಯ ಪರೀಕ್ಷೆಗೆ ಒಂದು ದಿನ ಉಳಿದಾಗ, ಸಂಜೆ ಐದಕ್ಕೆ, ಲಕ್ಷ್ಮೀಕಾಂತ್ ಮೇಷ್ಟ್ರು ಫೋನ್ ಮಾಡಿದರು. "ಬಂದೈತೆ. ಹೊಸ ಹಾಲ್ ಟಿಕೆಟ್. ಬೆಳಿಗ್ಗೆ ಸೆಂಟರ್ ಗೇಟಿನ ಹತ್ರ ನಾನೇ ತಂದುಕೊಡ್ತೀನಿ."

ಆ ರಾತ್ರಿ ಮೇಘಶ್ರೀ ಊಟ ಮಾಡಿದಳು.

ಬೆಳಿಗ್ಗೆ ಹಿರಿಯೂರಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಮೇಷ್ಟ್ರು ಹೆಡ್ ಮೇಷ್ಟ್ರ ಮೊಹರು ಬಿದ್ದ ಹೊಸ ಹಾಲ್ ಟಿಕೆಟ್ ಕೊಟ್ಟರು. ಮೂರನೇ ಸಾಲಿನಲ್ಲಿ ಆಟೊಮೊಬೈಲ್ ಎಂದಿತ್ತು. ಒಳಗೆ ಹೋಗಿ ಬಿಂದುವಿನ ಜೊತೆ ಆಟೊಮೊಬೈಲಿನವರ ಕೋಣೆಗೆ ಹೋದಳು. ಡೆಸ್ಕುಗಳ ಮೇಲೆ ಅಂಟಿಸಿದ್ದ ನಂಬರುಗಳನ್ನು ಒಂದೊಂದಾಗಿ ನೋಡಿದಳು. ತನ್ನದು ಇರಲಿಲ್ಲ. ಬಾಗಿಲಲ್ಲಿದ್ದ ಜವಾನ ಅವಳ ನಂಬರ್ ನೋಡಿ, "ನಿಂದು ಆರನೇ ರೂಮು, ಓಡು, ಬೆಲ್ ಹೊಡೀತಾರೆ," ಎಂದು ಅಟ್ಟಿದ. ಆರನೇ ಕೋಣೆಯಲ್ಲಿ ಮೂರನೇ ಡೆಸ್ಕಿನ ಮೇಲೆ ಅವಳ ನಂಬರಿತ್ತು. ಕುಳಿತಳು. ಗಂಟೆ ಹೊಡೆಯಿತು. ಮೇಲ್ವಿಚಾರಕಿ ಪ್ರಶ್ನೆಪತ್ರಿಕೆ ತಂದು ಇಟ್ಟರು. ಹಿಂದಿ.

ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ತುಂಬಿಕೊಂಡಿತು. ಸುತ್ತ ಎಲ್ಲರೂ ತಲೆ ಬಗ್ಗಿಸಿ ಬರೆಯಲು ಶುರು ಮಾಡಿದ್ದರು. ಮೇಲೆ ಮೂಲೆಯಲ್ಲಿ ಕ್ಯಾಮೆರಾ. ಪ್ರಶ್ನೆಪತ್ರಿಕೆಯ ಮೊದಲ ಪುಟ ನೋಡಿದಳು. ಒಂದೆರಡು ಪ್ರಶ್ನೆ ಗೊತ್ತಿದ್ದವು. ಮಿಸ್ ಹೇಳಿಕೊಟ್ಟ ಪತ್ರಲೇಖನ ಬಂದಿತ್ತು. ಇಷ್ಟು ದಿನ ಓದಿದ್ದಾಳೆ, ಪಾಸಾದರೂ ಆಗಬಹುದು. ಸುಮ್ಮನೆ ಬರೆದುಬಿಟ್ಟರೆ ಏಳಬೇಕಾಗಿಲ್ಲ, ಮಾತಾಡಬೇಕಾಗಿಲ್ಲ, ಎಲ್ಲರೂ ತಿರುಗಿ ನೋಡುವುದಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. ಉತ್ತರ ಪತ್ರಿಕೆಯ ಮೇಲೆ ನಂಬರ್ ಬರೆಯುವ ಚೌಕಗಳು ಖಾಲಿ ಇದ್ದವು.

ಅವಳು ಎದ್ದು ನಿಂತಳು. ಡೆಸ್ಕಿಗೆ ಮೊಣಕಾಲು ಬಡಿದು ಸದ್ದಾಯಿತು, ಇಡೀ ಕೋಣೆ ತಿರುಗಿ ನೋಡಿತು.

"ಇದು ನನ್ನ ಪೇಪರ್ ಅಲ್ಲ ಮಿಸ್."

ಮೇಲ್ವಿಚಾರಕಿ ತಮ್ಮ ಪಟ್ಟಿ ನೋಡಿದರು. "ನಿನ್ನ ನಂಬರ್ ಎದುರಿಗೆ ಹಿಂದಿ ಅಂತಾನೆ ಐತಲ್ಲ. ಕುಂತ್ಕ."

"ಹೊಸ ಹಾಲ್ ಟಿಕೆಟ್ ಐತೆ ಮಿಸ್. ನೋಡ್ರಿ."

"ಮೊದಲು ಬರಿ. ಆಮೇಲೆ ವಿಚಾರಿಸಾಣ."

"ಬರೆದ್ರೆ ಮುಗೀತು ಮಿಸ್." ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಬರಲಿಲ್ಲ. "ನಾನು ಬರಿಯಲ್ಲ. ದೊಡ್ಡ ಸಾರ್‌ನ ಕರೀರಿ."

ಆ ಹೆಂಗಸು ಒಂದು ಕ್ಷಣ ಅವಳನ್ನು ದಿಟ್ಟಿಸಿ, ಬಾಗಿಲಿಗೆ ಹೋಗಿ ಜವಾನನನ್ನು ಕಳಿಸಿದರು. ಕೇಂದ್ರದ ಮುಖ್ಯಸ್ಥರು ಬಂದರು. ಅವರ ಕೈಯಲ್ಲಿದ್ದ ಪಟ್ಟಿಯೂ ಹಳೆಯದೇ. ತಿದ್ದುಪಡಿ ಬೆಳಿಗ್ಗೆಯೇ ಇ-ಮೇಲ್‌ನಲ್ಲಿ ಬಂದಿತ್ತು, ಗಡಿಬಿಡಿಯಲ್ಲಿ ಯಾರೂ ತೆರೆದಿರಲಿಲ್ಲ. ತೆರೆದು, ಎಲ್ಲಿಗೋ ಫೋನ್ ಮಾಡಿ, ಯಾರದೋ ಒಪ್ಪಿಗೆ ತೆಗೆದುಕೊಂಡು ಮತ್ತೆ ಬರುವ ಹೊತ್ತಿಗೆ ಇಪ್ಪತ್ತಾರು ನಿಮಿಷ ಕಳೆದಿತ್ತು. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಆಟೊಮೊಬೈಲ್ ಕೋಣೆಯಲ್ಲಿ ಬೇರೆ ಶಾಲೆಯ ಹುಡುಗನೊಬ್ಬ ಗೈರುಹಾಜರಾಗಿದ್ದ. ಉಳಿದಿದ್ದ ಅವನ ಪ್ರಶ್ನೆಪತ್ರಿಕೆಯನ್ನು ಅವಳಿಗೆ ತಂದುಕೊಟ್ಟರು.

"ಹೆಚ್ಚಿಗೆ ಟೈಮ್ ಕೊಡೋಕೆ ನನಗೆ ಅಧಿಕಾರ ಇಲ್ಲಮ್ಮ," ಎಂದರು ಮುಖ್ಯಸ್ಥರು. "ಇರೋದ್ರಾಗೆ ಬರಿ."

ಅವಳು ಬರೆದಳು. ಅವಸರಕ್ಕೆ ಕಾರ್ಬ್ಯುರೇಟರಿನ ಚಿತ್ರದ ಗೆರೆಗಳೆಲ್ಲ ಅಲೆ ಅಲೆಯಾಗಿ ಬಂದವು. ಕೊನೆಯ ಪ್ರಶ್ನೆ ಮುಟ್ಟಲಾಗಲಿಲ್ಲ. ಹೊರಗೆ ಬಂದು, ಗೇಟಿನ ಪಕ್ಕದ ಬೇವಿನ ಮರದ ಬುಡದಲ್ಲಿ ಕುಳಿತು ವಾಂತಿ ಮಾಡಿಕೊಂಡಳು. ರಜೆ ಹಾಕಿ ಬಂದು ಕಾದಿದ್ದ ಚಂದ್ರಕ್ಕ ಬಾಟಲಿಯ ನೀರಿನಿಂದ ಅವಳ ಮುಖ ತೊಳೆದಳು. ಏನಾಯಿತೆಂದು ಕೇಳಲಿಲ್ಲ. ಬೆನ್ನು ಸವರುತ್ತ ನಿಂತಳು.

ಫಲಿತಾಂಶ ಬಂದಾಗ ಆಟೊಮೊಬೈಲಿನಲ್ಲಿ ಎಪ್ಪತ್ತಾರು ಬಂದಿತ್ತು. ಗಣಿತದಲ್ಲಿ ನಲವತ್ತೆರಡು. ಅಷ್ಟು ಕಡಿಮೆ ಅಂಕ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಡಿಪ್ಲೊಮಾ ಸೇರಲು ಅಷ್ಟು ಸಾಕೋ ಇಲ್ಲವೋ ಎಂದು ಇನ್ನೊಂದು ತಿಂಗಳು ಹೆದರಿಕೆಯಲ್ಲಿ ಕಳೆಯಿತು. ಕೊನೆಗೆ ಚಿತ್ರದುರ್ಗದಲ್ಲಿ ಸೀಟು ಸಿಕ್ಕಿತು.

ಜೂನ್‌ನಲ್ಲಿ ಒಂದು ದಿನ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಲಕ್ಷ್ಮೀಕಾಂತ್ ಮೇಷ್ಟ್ರು ಕಂಡರು. ಅವರಿಗೆ ನೋಟಿಸ್ ಬಂದಿತ್ತು, ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಗಿತ್ತು, ಹೊಳಲ್ಕೆರೆ ಕಡೆಯ ಶಾಲೆಯೊಂದಕ್ಕೆ ಹಾಕಿದ್ದರು ಎಂದು ಬಿಂದು ಹೇಳಿ ಗೊತ್ತಿತ್ತು. ಅವರು ತೆಳ್ಳಗಾಗಿದ್ದರು. ಮೇಘಶ್ರೀಗೆ ಅವರನ್ನು ನೋಡಿದ ಕೂಡಲೇ ಕಂಬದ ಮರೆಗೆ ಸರಿಯಬೇಕೆನ್ನಿಸಿತು. ಸರಿಯಲಿಲ್ಲ.

"ಎಲ್ಲಿ ಸೇರ್ಕಂಡೆ?" ಎಂದರು ಅವರು.

"ದುರ್ಗದಾಗೆ ಸಾರ್. ಆಟೊಮೊಬೈಲ್ ಡಿಪ್ಲೊಮಾ."

"ಹುಡುಗೀರು ಎಷ್ಟು ಜನ ಅವ್ರೆ?"

"ನಾನೊಬ್ಳೇ ಸಾರ್."

ಅವರು ತಲೆಯಾಡಿಸಿದರು. ಅಷ್ಟರಲ್ಲಿ ಹೊಳಲ್ಕೆರೆ ಬಸ್ಸು ಪ್ಲಾಟ್‌ಫಾರಂಗೆ ಬಂದು ನಿಂತಿತು. ಬಾಗಿಲಲ್ಲಿ ನೂಕುನುಗ್ಗಲು ಶುರುವಾಯಿತು. "ಕಿಟಕಿ ಕಡೆಯಿಂದ ಬ್ಯಾಗ್ ಹಾಕ್ರಿ ಸಾರ್, ಸೀಟು ಸಿಗ್ತೈತೆ," ಎಂದಳು ಮೇಘಶ್ರೀ. ಅವರು ಬ್ಯಾಗು ಕೊಟ್ಟರು. ಅವಳು ತುದಿಗಾಲ ಮೇಲೆ ನಿಂತು ಅದನ್ನು ಕಿಟಕಿಯೊಳಕ್ಕೆ ತೂರಿಸಿದಳು.